12345654321: ಈ ಸಂಖ್ಯೆ ಒಳಗೆ ಏನೇನಿದೆ, ಬಿಚ್ಚಿ ನೋಡೋಣ ಬನ್ನಿ

ಗೀತಾ_ಸರಸ್ವತಿಪುರಂ:
ಎಲ್ರಿಗೂ ನಮಸ್ಕಾರ. ಈ ಸಂಖ್ಯೆ ನೋಡಿ, 12345654321. ಓದೋದಾದ್ರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರರ ತನಕ ಏರಿ ಮತ್ತೆ ಒಂದಕ್ಕೆ ಇಳಿಯತ್ತೆ, ಹಿಂದಿನಿಂದ ಓದಿದ್ರೂ ಅದೇ ಸಂಖ್ಯೆ. ಇದನ್ನ ನಮ್ಮ ಗಣಿತಜ್ಞ ಮಹಾವೀರಾಚಾರ್ಯರು ಸುಮಾರು 850ನೇ ಇಸವಿ ಹೊತ್ತಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹದಲ್ಲಿ ಗುಣಾಕಾರದ ಲೆಕ್ಕವಾಗಿ ಕೊಟ್ಟಿದ್ದಾರೆ. 27994681ನ್ನ 441ರಿಂದ ಗುಣಿಸಿ ಅಂತ ಲೆಕ್ಕ, ಉತ್ತರ ಬಂದಾಗ ಒಂದರಿಂದ ಶುರುವಾಗಿ ಆರರವರೆಗೆ ಹೋಗಿ ಆಮೇಲೆ ಕ್ರಮವಾಗಿ ಕಮ್ಮಿ ಆಗೋ ಈ ಸಂಖ್ಯೆ ಸಿಗತ್ತೆ. ಇಂಥ ಉತ್ತರಗಳಿಗೆ ಕೊರಳಿಗೆ ಹಾಕೋ ಹಾರದ ಹೋಲಿಕೆ ಕೊಡ್ತಾರೆ ಆಚಾರ್ಯರು. ಇದೊಂದೇ ಅಲ್ಲ, 12345679 × 9 = 111111111 ಇದೆ, 152207 × 73 = 11111111 ಇದೆ, 142857143 × 7 = 1000000001 ಇದೆ, 139 × 109 = 15151 ಕೂಡ ಇದೆ. ಮೂಲ ಸಂಸ್ಕೃತದ್ದು, ಆದ್ರೆ ನಮ್ಮ ಮೈಸೂರು ವಿವಿಯ ಗಣಿತ ಪ್ರಾಧ್ಯಾಪಕಿ ಆಗಿದ್ದ ಪದ್ಮಾವತಮ್ಮ ಮೇಡಂ ಅದನ್ನ ಕನ್ನಡಕ್ಕೆ ತಂದಿದ್ದಾರೆ, 2000ದಲ್ಲಿ ಬಂದ ಪುಸ್ತಕ, ಸಿಕ್ಕಿದ್ರೆ ಖಂಡಿತ ಓದಿ.

ನಾನು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಮಾಡ್ತೀನಿ. ಈ ಲೆಕ್ಕ ಬೋರ್ಡ್ ಮೇಲೆ ಹಾಕಿದ್ರೆ ಮಕ್ಕಳು ಒಂದು ಸಲ "ಓಹ್" ಅಂತಾರೆ, ಅಲ್ಲಿಗೆ ಮುಗೀತು. ನನಗೆ ಅಲ್ಲಿಗೆ ನಿಲ್ಲೋದು ಇಷ್ಟ ಇಲ್ಲ. 27994681 ಮತ್ತು 441 ಎಲ್ಲಿಂದ ಬಂದ್ವು, ಈ ಸಂಖ್ಯೆಗೆ ಹೊರಗಿನ ಚಂದ ಬಿಟ್ಟು ಬೇರೆ ಏನೇನು ಗುಣ ಇದೆ, ಯಾರ್ಯಾರಿಗೆ ಏನು ಗೊತ್ತೋ ಎಲ್ಲ ಬರೀರಿ.

ಮಂಡ್ಯ_ಹೈದ:
ಗೀತಕ್ಕ ಒಳ್ಳೆ ವಿಷ್ಯ ತೆಗುದ್ರಿ. ಇದು 111111ರ ವರ್ಗ ಕಣಕ್ಕ, ಆರು ಒಂದು ಬರ್ದು ಅದನ್ನ ಅದ್ರಿಂದ್ಲೇ ಗುಣಿಸುದ್ರೆ ಇದೇ ಬತ್ತದೆ. ಯಾಕ್ ಹಿಂಗ್ ಬತ್ತದೆ ಅಂತ ನೋಡ್ಬೇಕು ಅಂದ್ರೆ ಕ್ಯಾಲ್ಕುಲೇಟರ್ ಮಡಗ್ಬುಟ್ಟು ಚೌಕುಳಿ ಹಾಳೆ ತಗೊಂಡು ಉದ್ದ ಗುಣಾಕಾರನೇ ಮಾಡ್ಬೇಕು. ಮೊದಲ್ನೇ ಸಾಲು 111111, ಎರಡ್ನೇ ಸಾಲು ಅದೇ 111111 ಆದ್ರೆ ಒಂದ್ ಮನೆ ಎಡಕ್ಕೆ, ಮೂರ್ನೇದು ಇನ್ನೊಂದ್ ಮನೆ ಎಡಕ್ಕೆ, ಹಿಂಗೆ ಆರು ಸಾಲು. ಈಗ ಕಂಬಸಾಲ್ ಕೂಡ್ಕೊಂಡ್ ಬನ್ನಿ. ಬಲಗಡೆ ತುದೀಲಿ ಒಂದೇ ಒಂದು 1, ಅದ್ರ ಪಕ್ಕ ಎರಡು, ಆಮೇಲೆ ಮೂರು, ನಡುಮಧ್ಯದ ಕಂಬ್ದಲ್ಲಿ ಮಾತ್ರ ಆರೂ ಸಾಲಿನ 1 ಒಟ್ಟಿಗೆ ನಿಂತ್ಕೊಂಡಿರ್ತವೆ, ಅದಾದ್ಮೇಲೆ ಒಂದೊಂದೇ ಸಾಲು ಮುಗೀತಾ ಹೋಯ್ತದೆ ಅದ್ಕೇ ಇಳೀತದೆ. ಯಾವ್ ಕಂಬನೂ ಹತ್ತು ಮುಟ್ಟಲ್ಲ, ದಶಕ ಕೈಯಲ್ಲಿ ಇಟ್ಕೊಳೋ ಕೆಲ್ಸಾನೇ ಇಲ್ಲ. ಅಷ್ಟೇ ಗುಟ್ಟು.

ಒಂಬತ್ತು ಒಂದಿನ ತನ್ಕ ಹಿಂಗೇ ನಡೀತದೆ, 111111111ರ ವರ್ಗ 12345678987654321. ಹತ್ತು ಒಂದಕ್ಕೆ ಹೋದ್ರೆ ನಡು ಕಂಬ್ದಲ್ಲಿ ಹತ್ತು ಬಂದು ದಶಕ ಎಡಕ್ಕೆ ಹೋಗಿ ಚಂದ ಕೆಡ್ತದೆ, 1234567900987654321 ಆಯ್ತದೆ. ನೋಡಿ ಎಡಗಡೆ 8 ಕಾಣಂಗೇ ಇಲ್ಲ.

ಕೋಡ್_ಕುವೆಂಪುನಗರ:
ಇದಕ್ಕೆ ಸೇರಿಸಿ ಒಂದು ಎಚ್ಚರಿಕೆ. ಆ ಒಂಬತ್ತು ಒಂದರದ್ದು ಯಾರಾದ್ರೂ ಎಕ್ಸೆಲ್‌ನಲ್ಲಿ ಚೆಕ್ ಮಾಡೋಕೆ ಹೋದ್ರೆ 12345678987654300 ಅಂತ ಬರುತ್ತೆ, ಕೊನೇಲಿ 21 ಹೋಗಿ 00. ಎಕ್ಸೆಲ್ 15 ಅಂಕಿ ತನಕ ಮಾತ್ರ ಸರಿಯಾಗಿ ಇಟ್ಕೊಳ್ಳುತ್ತೆ, ಈ ಸಂಖ್ಯೆ 17 ಅಂಕಿದು. ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿದ್ರೆ ಕೊನೆ ಅಂಕಿ 0 ಬರುತ್ತೆ, ಯಾಕಂದ್ರೆ 9007199254740992 ದಾಟಿದ್ಮೇಲೆ ಅದರ ಮಾಮೂಲಿ ನಂಬರ್ ಟೈಪ್‌ಗೆ ಬೆಸ ಸಂಖ್ಯೆಗಳನ್ನ ಹಿಡಿಯೋಕೆ ಜಾಗ ಇಲ್ಲ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ, ಅದರಲ್ಲಿ ಮಾಡಿ. ನಮ್ಮ 12345654321 ಬರೀ 11 ಅಂಕಿ, ಅದಕ್ಕೆ ಎಲ್ಲಿ ಮಾಡಿದ್ರೂ ತೊಂದರೆ ಇಲ್ಲ.

ಇನ್ನೊಂದು. ಮಂಡ್ಯ ಅಣ್ಣ ಹೇಳಿದ ಕಂಬದ ಲೆಕ್ಕದಲ್ಲಿ ಹತ್ತು ಅನ್ನೋದಕ್ಕೆ ವಿಶೇಷ ಪಾತ್ರ ಏನೂ ಇಲ್ಲ, ಕಂಬದ ಮೊತ್ತ 6 ದಾಟಲ್ಲ ಅನ್ನೋದಷ್ಟೇ ಮುಖ್ಯ. ಹಾಗಾಗಿ 7 ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲಿ (ಅಂದ್ರೆ ಒಂದು ಸ್ಥಾನ ಎಡಕ್ಕೆ ಹೋದ್ರೆ ಹತ್ತು ಪಟ್ಟು ಆಗೋ ಬದಲು ಅಷ್ಟು ಪಟ್ಟು ಆಗೋ ಹಾಗೆ) ಬರೆದ್ರೂ ಇದೇ ಹಾರ ಬರುತ್ತೆ. ಎಂಟರ ಆಧಾರದಲ್ಲಿ 111111 ಅಂದ್ರೆ ನಮ್ಮ 37449, ಅದರ ವರ್ಗ 1402427601, ಅದನ್ನ ವಾಪಸ್ ಎಂಟರ ಆಧಾರದಲ್ಲಿ ಬರೆದ್ರೆ ಮತ್ತೆ 12345654321!

ಗೀತಾ_ಸರಸ್ವತಿಪುರಂ:
ಮಂಡ್ಯ_ಹೈದ ಅವರು ವರ್ಗ ಅಂದಿದ್ದೇ ತಡ ನನ್ನ ಮೊದಲನೇ ಪ್ರಶ್ನೆಗೆ ದಾರಿ ಸಿಕ್ತು. 111111ನ್ನ ಎರಡು ಭಾಗ ಮಾಡಿ, 111 × 1001. 111 ಅಂದ್ರೆ 3 × 37, 1001 ಅಂದ್ರೆ 7 × 11 × 13. ಹಾಗಾದ್ರೆ 111111 = 3 × 7 × 11 × 13 × 37, ಐದು ಬೇರೆಬೇರೆ ಅವಿಭಾಜ್ಯ, ಒಂದೂ ಎರಡು ಸಲ ಬಂದಿಲ್ಲ. ಈಗ 441 ಅಂದ್ರೆ 21ರ ವರ್ಗ, ಅಂದ್ರೆ 3 ಮತ್ತು 7ನ್ನ ಒಂದು ಕಡೆ ಎತ್ತಿಟ್ಟಿದ್ದಾರೆ. ಉಳಿದ 11 × 13 × 37 = 5291, ಅದರ ವರ್ಗ ಮಾಡಿ ನೋಡಿದೆ, 27994681! ಮಹಾವೀರಾಚಾರ್ಯರು ಕೊಟ್ಟ ಎರಡು ಸಂಖ್ಯೆನೂ ಪೂರ್ಣವರ್ಗಗಳೇ. ಇದು ಸುಮ್ನೆ ಗುಣಿಸ್ತಾ ಗುಣಿಸ್ತಾ ಸಿಕ್ಕಿದ್ದಲ್ಲ ಅಂತ ನನ್ನ ಅಭಿಪ್ರಾಯ, ಒಂದುಗಳ ಸಾಲನ್ನ ಒಡೆದು ಒಳಗಿನ ಅಪವರ್ತನ ಕಂಡವರು ಮಾತ್ರ ಲೆಕ್ಕಾನ ಈ ರೀತಿ ಕಟ್ಟೋಕಾಗೋದು. 152207 × 73 ಕೂಡ ಹಾಗೇ, ಎಂಟು ಒಂದುಗಳಲ್ಲಿ 73 ಅಡಗಿದೆ ಅನ್ನೋದು ನೋಡಿದ ತಕ್ಷಣ ಹೊಳೆಯೋ ವಿಷಯ ಅಲ್ಲ.

ಪಾಂಡವಪುರ_ಮೇಷ್ಟ್ರು:
ಗೀತಾ ಮೇಡಂ ಹೇಳಿದ್ದನ್ನ ಮಕ್ಕಳು ಕೈಯಲ್ಲೇ ತಾಳೆ ನೋಡಬಹುದು, ದೊಡ್ಡ ಭಾಗಾಕಾರ ಬೇಕಿಲ್ಲ. ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ: 321, 654, 345, 12. ಈಗ ಒಂದು ಬಿಟ್ಟು ಒಂದು ಕೂಡಿ ಕಳೆದು ಮಾಡಿ, 321 − 654 + 345 − 12. ಎಷ್ಟು ಬಂತು? ಸೊನ್ನೆ. ಸೊನ್ನೆ ಬಂದ್ರೆ ಸಂಖ್ಯೆ 1001ರಿಂದ ಭಾಗ ಹೋಗುತ್ತೆ ಅಂತ ಅರ್ಥ, ಅಂದ್ರೆ 7, 11, 13 ಮೂರೂ ಒಂದೇ ಏಟಿಗೆ. 1000 ಅನ್ನೋದು 1001ಕ್ಕಿಂತ ಒಂದು ಕಮ್ಮಿ, ಅದಕ್ಕೇ ಪ್ರತಿ ಸಾವಿರದ ಮನೆ ದಾಟುವಾಗ ಚಿಹ್ನೆ ಬದಲಾಗೋದು.

ಅದೇ ತುಂಡುಗಳನ್ನ ಬರೀ ಕೂಡಿದ್ರೆ 321 + 654 + 345 + 12 = 1332, ಮತ್ತೆ 1 + 332 = 333. ಇದು 999ರ ಪರೀಕ್ಷೆ. 999 = 27 × 37. ಬಂದ 333 ಅಂದ್ರೆ 9 × 37, ಹಾಗಾಗಿ 37 ಪಾಸು, 9 ಪಾಸು, 27 ಮಾತ್ರ ಫೇಲು. ಏಳರಿಂದ ಭಾಗ ಹೋಗುತ್ತಾ ಅಂತ ನೋಡೋಕೆ ಕೊನೆ ಅಂಕಿ ದ್ವಿಗುಣ ಮಾಡಿ ಕಳೆಯೋ ವಿಧಾನ ಎಲ್ರೂ ಹೇಳಿಕೊಡ್ತಾರೆ, ದೊಡ್ಡ ಸಂಖ್ಯೆಗೆ ಅದು ಬಹಳ ಎಳೆಯುತ್ತೆ. ಮೂರು ಮೂರರ ಈ ಕತ್ತರಿ ವಿಧಾನವನ್ನ ಎಂಟನೇ ಕ್ಲಾಸಲ್ಲೇ ಕಲಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಮಂಡ್ಯ_ಹೈದ:
ಮೇಷ್ಟ್ರೇ ಸೂಪರ್, ತಕ್ಷಣ ನಮ್ಮೂರ ಪಿನ್‌ಕೋಡ್ ಮೇಲೆ ಹಾಕ್ದೆ. ಮಂಡ್ಯ 571401. ಕೂಡುದ್ರೆ 571 + 401 = 972, ಅದು 27 × 36. ಸೋ 27ರಿಂದ ಭಾಗ ಹೋಯ್ತದೆ, ಮಾಡುದ್ರೆ 27 × 21163, ಆ 21163 ಅವಿಭಾಜ್ಯ. ಕಳುದ್ರೆ 170, ಅದು 7, 11, 13 ಯಾವ್ದಕ್ಕೂ ಬಗ್ಗಲ್ಲ. ಮೈಸೂರು 570001ಕ್ಕೆ ಕೂಡುದ್ರೆ 571, ಕಳುದ್ರೆ 569, ಈ ಎರಡ್ ಪರೀಕ್ಷೇಲೂ ಏನೂ ಸಿಗ್ಲಿಲ್ಲ.

ಶ್ರೀರಂಗಪಟ್ಟಣ_ಸುಮಾ:
ಎಲ್ಲ ಓದ್ತಾ ಇದೀನಿ, ಖುಷಿ ಆಗ್ತಿದೆ. ಆದ್ರೆ ನಿಜವಾಗ್ಲೂ ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, 111111ರ ಅಪವರ್ತನ ಗೊತ್ತಿದ್ರೆ ಬೇರೆ ಏನಕ್ಕಾದ್ರೂ ಬರುತ್ತಾ? ನನ್ನ ಮಗಳು ಹತ್ತನೇ ಕ್ಲಾಸು, ಅವಳಿಗೆ ಏನಂತ ಹೇಳ್ಲಿ?

ಗೀತಾ_ಸರಸ್ವತಿಪುರಂ:
ಸುಮಾ ಅವರೇ ಬೇಜಾರು ಯಾಕೆ, ಕೇಳಲೇಬೇಕಾದ ಪ್ರಶ್ನೆ. ಮಗಳ ಹತ್ರ 22/7ನ್ನ ದಶಮಾಂಶದಲ್ಲಿ ಬಿಡಿಸೋಕೆ ಹೇಳಿ. 3.142857142857 ಹೀಗೆ ಆರು ಅಂಕಿ ಗುಂಪು ಮತ್ತೆ ಮತ್ತೆ ಬರುತ್ತೆ. ಆರೇ ಯಾಕೆ? ಯಾಕಂದ್ರೆ ಆರು ಒಂಬತ್ತು, 999999, ಅಂದ್ರೆ 9 × 111111, ಅದು 7ರಿಂದ ಭಾಗ ಹೋಗೋ ಮೊದಲನೇ ಒಂಬತ್ತುಗಳ ಸಾಲು. 999999 ÷ 7 = 142857, ಅದೇ ಗುಂಪು. 13ಕ್ಕೂ ಹಾಗೇ, 1/13 = 0.076923 076923. 37 ಮೂರು ಒಂಬತ್ತಿಗೇ ಭಾಗ ಹೋಗೋದ್ರಿಂದ 1/37 = 0.027 027, ಮೂರೇ ಅಂಕಿ. 11 ಎರಡಕ್ಕೇ ಹೋಗುತ್ತೆ, 1/11 = 0.09 09. ಇದಕ್ಕೆ ಆವರ್ತ ದಶಮಾಂಶ ಅಂತಾರೆ, ಯಾವುದು ಎಷ್ಟು ಅಂಕಿಗೆ ಮರಳುತ್ತೆ ಅನ್ನೋದಕ್ಕೆ ಪೂರ್ತಿ ಉತ್ತರ ಈ ಒಂದುಗಳ ಸಾಲಿನ ಒಳಗಿದೆ. ಅವಳಿಗೆ ಇಷ್ಟು ಹೇಳಿದ್ರೆ ಸಾಕು, ಮುಂದಿಂದು ತಾನೇ ಹುಡುಕ್ತಾಳೆ.

ಮದ್ದೂರು_ಪಿಯು_ಹುಡುಗ:
ಸಾರ್, ಮೇಡಂ, ನನಗೆ ಒಂದು ಕಾಣ್ತು. 1 2 3 4 5 6 5 4 3 2 1 ಇದು ಎರಡು ಲೂಡೋ ದಾಳ ಒಟ್ಟಿಗೆ ಹಾಕಿದಾಗ ಬರೋ ಲೆಕ್ಕ ಅಲ್ವಾ? ಮೊತ್ತ 2 ಬರೋಕೆ ಒಂದೇ ದಾರಿ, 3ಕ್ಕೆ ಎರಡು, 7ಕ್ಕೆ ಆರು, 12ಕ್ಕೆ ಮತ್ತೆ ಒಂದೇ. ಪ್ರಾಬಬಿಲಿಟಿ ಚಾಪ್ಟರ್‌ನಲ್ಲಿ ಈ ಟೇಬಲ್ ಹಾಕಿದ್ವಿ. ಇದು ಕಾಕತಾಳೀಯನಾ?

ಪಾಂಡವಪುರ_ಮೇಷ್ಟ್ರು:
ಭೇಷ್ ಮಗಾ! ಕಾಕತಾಳೀಯ ಅಲ್ಲವೇ ಅಲ್ಲ, ಎರಡೂ ಒಂದೇ ಲೆಕ್ಕ. 111111 ಅನ್ನೋದನ್ನ ಒಂದು ದಾಳ ಅಂತ ನೋಡು, ಆರು ಮುಖ, ಪ್ರತಿ ಮುಖಕ್ಕೆ ಒಂದೊಂದು 1, ಬಿಡಿ ಸ್ಥಾನ ಒಂದು ಮುಖ, ಹತ್ತರ ಸ್ಥಾನ ಇನ್ನೊಂದು ಮುಖ, ಹಾಗೇ ಲಕ್ಷದ ಸ್ಥಾನದವರೆಗೆ. ಗುಣಾಕಾರ ಮಾಡುವಾಗ ಮೇಲಿನ ಸಾಲಿನ ಒಂದು 1 ಕೆಳಗಿನ ಸಾಲಿನ ಒಂದು 1ರ ಜೊತೆ ಸೇರುತ್ತೆ, ಸ್ಥಾನಗಳು ಕೂಡಿಕೊಳ್ತವೆ. ಎರಡು ದಾಳದ ಮುಖ ಕೂಡಿದ ಹಾಗೇನೇ. ಅದಕ್ಕೇ ಈ ಸಂಖ್ಯೆಯ ಅಂಕಿಗಳ ಮೊತ್ತ 36, ಆರು ಮುಖ ಇಂಟು ಆರು ಮುಖ. ಮೂರು ದಾಳದ ಲೆಕ್ಕ ಬೇಕಾದ್ರೆ 111111ರ ಘನ ತೆಗಿ, ಆದ್ರೆ ಅಲ್ಲಿ ಹತ್ತು ದಾಟಿ ದಶಕ ಬಂದು ಅಂಕಿಗಳು ಒಂದರ ಮೇಲೊಂದು ಹತ್ತಿಕೊಳ್ತವೆ, 111111 ಅನ್ನೋದರ ಮಧ್ಯೆ ಒಂದೊಂದು ಸೊನ್ನೆ ಸೇರಿಸಿ 10101010101 ಮಾಡಿ ಘನ ತೆಗೆದ್ರೆ ಎರಡೆರಡು ಅಂಕಿಯಾಗಿ ಚೊಕ್ಕವಾಗಿ ಓದಬಹುದು.

ಕೋಡ್_ಕುವೆಂಪುನಗರ:
ನಾನು ಮಧ್ಯಾಹ್ನ ಕೂತು ಇದರ ಭಾಜಕಗಳ ಲೆಕ್ಕ ತೆಗೆದೆ, ಇಲ್ಲಿ ಒಂದು ದೊಡ್ಡ ವಿಷಯ ಇದೆ, ಸ್ವಲ್ಪ ಉದ್ದ ಆಗುತ್ತೆ ಓದಿ.

ನಮ್ಮ ಸಂಖ್ಯೆ 3² × 7² × 11² × 13² × 37². ಒಂದು ಭಾಜಕ ಬೇಕು ಅಂದ್ರೆ ಪ್ರತಿ ಅವಿಭಾಜ್ಯದಿಂದ ಘಾತ 0, 1 ಅಥವಾ 2 ಆರಿಸ್ಕೋಬೇಕು, ಐದು ಅವಿಭಾಜ್ಯಕ್ಕೆ 3 × 3 × 3 × 3 × 3 = 243 ಭಾಜಕ. ಎಲ್ಲ ಭಾಜಕಗಳ ಮೊತ್ತ ಬೇಕು ಅಂದ್ರೆ ಪ್ರತಿಯೊಂದಕ್ಕೂ ಒಂದು ಪುಟ್ಟ ಮೊತ್ತ ಮಾಡಿ ಗುಣಿಸಿದ್ರೆ ಆಯ್ತು. 1 + 3 + 9 = 13. 1 + 7 + 49 = 57. 1 + 11 + 121 = 133. 1 + 13 + 169 = 183. 1 + 37 + 1369 = 1407. ಐದೂ ಗುಣಿಸಿದ್ರೆ 25375524993. ಈಗ ಸಂಖ್ಯೆಯ ಎರಡರಷ್ಟು ಎಷ್ಟು? 24691308642. ಮೊತ್ತ ಅದಕ್ಕಿಂತ ಜಾಸ್ತಿ ಇದೆ! ಅಂದ್ರೆ ತನ್ನನ್ನ ಬಿಟ್ಟು ಉಳಿದ ಭಾಜಕಗಳನ್ನ ಕೂಡಿದ್ರೆ 13029870672, ಸಂಖ್ಯೆಗಿಂತ 684216351 ಜಾಸ್ತಿ. ಇಂಥದ್ದಕ್ಕೆ ಅಬಂಡೆಂಟ್ ನಂಬರ್ ಅಂತಾರೆ.

ಇದರಲ್ಲಿ ಏನು ವಿಶೇಷ ಅಂದ್ರೆ, ಸಮ ಸಂಖ್ಯೆಗಳಲ್ಲಿ ಅಬಂಡೆಂಟ್ ಬೇಕಾದಷ್ಟಿವೆ, 12, 18, 20, 24 ಅಂತ ಶುರು. ಬೆಸ ಸಂಖ್ಯೆಗಳಲ್ಲಿ ಮೊದಲನೇದು 945, ಅಲ್ಲಿವರೆಗೂ ಒಂದೂ ಇಲ್ಲ. ಅದರಲ್ಲೂ 5ರಿಂದ ಭಾಗ ಹೋಗದೇ ಇರೋ ಬೆಸ ಅಬಂಡೆಂಟ್ ಬೇಕು ಅಂದ್ರೆ 81081 ತನಕ ಕಾಯಬೇಕು, ಅದು 81 × 1001, ಮೇಷ್ಟ್ರ ಅದೇ 1001. ನಮ್ಮ ಹಾರದ ಸಂಖ್ಯೆ ಬೆಸ, 5ರಿಂದ ಭಾಗ ಹೋಗಲ್ಲ, ಆದ್ರೂ ಅಬಂಡೆಂಟ್. ಒಂದರಿಂದ ಒಂಬತ್ತು ಒಂದುಗಳ ತನಕ ಒಂಬತ್ತೂ ವರ್ಗಗಳನ್ನ ಚೆಕ್ ಮಾಡಿದೆ, ಈ ಗುಣ ಇರೋದು ಆರು ಒಂದರದ್ದಕ್ಕೆ ಮಾತ್ರ. 12345678987654321 ನೋಡೋಕೆ ಇನ್ನೂ ಭರ್ಜರಿ, ಆದ್ರೆ ಅದರ ಒಳಗೆ 3⁴ × 37² × 333667² ಇದೆ, ಚಿಕ್ಕ ಅವಿಭಾಜ್ಯ ಕಮ್ಮಿ, ಮೊತ್ತ ಎರಡರಷ್ಟರ ಹತ್ತಿರಕ್ಕೂ ಬರಲ್ಲ. 11111 ಅಂತೂ 41 × 271, ಅದರ ವರ್ಗದ ಭಾಜಕದ ಮೊತ್ತ ಸಂಖ್ಯೆಗಿಂತ ಸ್ವಲ್ಪವೇ ಜಾಸ್ತಿ. 6ಕ್ಕೆ 2 ಮತ್ತು 3 ಎರಡೂ ಭಾಜಕ ಆಗಿರೋದ್ರಿಂದ 111111ರ ಒಳಗೆ 11 ಮತ್ತು 111 ಎರಡೂ ಬಂದು ಕೂತಿವೆ, 3, 11, 37 ಸಿಕ್ಕಿದ್ದು ಅದಕ್ಕೇ, ಅವನ್ನ ತೆಗೆದ್ರೆ ಉಳಿಯೋ 91 ಅಂದ್ರೆ 7 × 13.

ಪಾಂಡವಪುರ_ಮೇಷ್ಟ್ರು:
ನಿಮ್ಮ ಲೆಕ್ಕ ಓದಿ ನಾನು 37ನ್ನ ತೆಗೆದು ನೋಡಿದೆ. 3² × 7² × 11² × 13² ಅಂದ್ರೆ 3003ರ ವರ್ಗ, 9018009. ಅದರ ಭಾಜಕಗಳ ಮೊತ್ತ 13 × 57 × 133 × 183 = 18035199. ಎರಡರಷ್ಟು 18036018. ಕೊರತೆ ಎಷ್ಟು ನೋಡಿ, ಬರೀ 819! ತೊಂಬತ್ತು ಲಕ್ಷದ ಸಂಖ್ಯೆಗೆ 819 ಕಮ್ಮಿ ಬಿದ್ದಿದೆ. ಭಾಜಕದ ಮೊತ್ತ ಸರಿಯಾಗಿ ಎರಡರಷ್ಟೇ ಬಂದ್ರೆ ಅದು ಪರಿಪೂರ್ಣ ಸಂಖ್ಯೆ, 6, 28, 496 ಇದಾವಲ್ಲ ಆ ಜಾತಿ. ಇವತ್ತಿನವರೆಗೆ ಸಿಕ್ಕಿರೋ ಪರಿಪೂರ್ಣ ಸಂಖ್ಯೆ ಎಲ್ಲಾನೂ ಸಮ, ಬೆಸ ಒಂದೂ ಸಿಕ್ಕಿಲ್ಲ. ಇಲ್ಲಿ ಒಂದು ಬೆಸ ಸಂಖ್ಯೆ ಇಷ್ಟು ಹತ್ತಿರ ಬಂದು ನಿಂತಿದೆ.

ಈಗ 37²ರ ಬದಲು ಬೇರೆ ಒಂದು ಅವಿಭಾಜ್ಯ p ಒಂದೇ ಸಲ ಸೇರಿಸಿ ಸರಿಯಾಗಿ ಎರಡರಷ್ಟು ಮಾಡೋಕಾಗುತ್ತಾ? p ಸೇರಿಸಿದ್ರೆ ಮೊತ್ತ (p + 1)ರಿಂದ ಗುಣಾಕಾರ ಆಗುತ್ತೆ. 18035199 × (p + 1) = 18036018 × p ಆಗಬೇಕು. ಎರಡೂ ಕಡೆಯಿಂದ ಕಳೆದ್ರೆ 819 × p = 18035199. ಭಾಗಿಸಿ ನೋಡಿ, p = 22021, ಶೇಷ ಇಲ್ಲದೆ! ನನ್ನ ಕೈ ಒಂದು ಕ್ಷಣ ನಿಂತೇ ಹೋಯ್ತು.

ಮಂಡ್ಯ_ಹೈದ:
ಮೇಷ್ಟ್ರೇ!! 22021 ಅವಿಭಾಜ್ಯನಾ ಹಂಗಾದ್ರೆ?? ತಡೀರಿ ಮಾಡ್ತೀನಿ. 7ಕ್ಕೆ ಇಲ್ಲ, 11 ಇಲ್ಲ, 13 ಇಲ್ಲ, 17 ಇಲ್ಲ, 19... 19 × 1159. ಹೋಯ್ತು. 1159 ಮತ್ತೆ 19 × 61. ಸೋ 22021 = 19 × 19 × 61. ಅಯ್ಯೋ ಛೆ.

ಗೀತಾ_ಸರಸ್ವತಿಪುರಂ:
ಮೇಷ್ಟ್ರೇ, ನೀವು ಈಗ ಬಂದು ನಿಂತಿರೋ ಜಾಗ ಫ್ರಾನ್ಸಿನ ಗಣಿತಜ್ಞ ದೆಕಾರ್ತ್ 1638ರಲ್ಲಿ ನಿಂತಿದ್ದ ಜಾಗ. ಅವನು ಗೆಳೆಯ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಇದೇ ಲೆಕ್ಕ ಇದೆ, 22021 ಅವಿಭಾಜ್ಯ ಆಗಿದ್ದಿದ್ರೆ 9018009 × 22021, ಅಂದ್ರೆ 198585576189, ಬೆಸ ಪರಿಪೂರ್ಣ ಸಂಖ್ಯೆ ಆಗ್ತಿತ್ತು ಅಂತ. ಇವತ್ತಿಗೂ ಅದಕ್ಕೆ ದೆಕಾರ್ತ್ ಸಂಖ್ಯೆ ಅಂತಾನೇ ಹೆಸರು. ನಾನು ಈ ಚರ್ಚೆ ಶುರು ಮಾಡುವಾಗ ಇಲ್ಲಿಗೆ ಬರುತ್ತೆ ಅಂತ ಅಂದ್ಕೊಂಡೇ ಇರಲಿಲ್ಲ! ರಾಷ್ಟ್ರಕೂಟರ ಕಾಲದ ಹಾರ ಅಂದ್ರೆ 9018009 × 37², ಎಂಟು ಶತಮಾನ ಆಮೇಲೆ ಯುರೋಪಲ್ಲಿ ಬರೆದಿದ್ದು 9018009 × 22021. ಒಬ್ಬರು ಬಂದಿದ್ದು ಒಂದುಗಳ ಸಾಲಿನ ಕಡೆಯಿಂದ, ಇನ್ನೊಬ್ಬ ಬಂದಿದ್ದು ಭಾಜಕಗಳ ಮೊತ್ತದ ಕಡೆಯಿಂದ, ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಸಂಬಂಧ ಇಲ್ಲ, ಆದ್ರೆ ಇಬ್ಬರ ಸಂಖ್ಯೆಯ ಒಳಗೂ ಅದೇ 3, 7, 11, 13ರ ವರ್ಗ.

19² × 61 ಅಂತ ನಿಜವಾದ ಅಪವರ್ತನ ಇಟ್ಟು ಮೊತ್ತ ತೆಗೆದ್ರೆ 22022 ಬರಬೇಕಿದ್ದ ಜಾಗದಲ್ಲಿ 381 × 62 = 23622 ಬರುತ್ತೆ, ಹಾಗಾಗಿ ದೆಕಾರ್ತ್ ಸಂಖ್ಯೆ ಪರಿಪೂರ್ಣ ಆಗದೆ ಅದೂ ಅಬಂಡೆಂಟ್ ಆಗಿ ಉಳೀತು.

ಶ್ರೀರಂಗಪಟ್ಟಣ_ಸುಮಾ:
ಇದನ್ನ ಮಗಳಿಗೆ ಓದಿ ಹೇಳ್ದೆ, ಅವಳು ಕೇಳ್ತಿದಾಳೆ, ಹಾಗಾದ್ರೆ ಆ ಹಾರದ ತರ ಪೂರ್ಣವರ್ಗ ಆಗಿರೋ ಬೆಸ ಸಂಖ್ಯೆ ಯಾವತ್ತಾದ್ರೂ ಪರಿಪೂರ್ಣ ಆಗಬಹುದಾ ಅಂತ.

ಕೋಡ್_ಕುವೆಂಪುನಗರ:
ಒಳ್ಳೆ ಪ್ರಶ್ನೆ ಮೇಡಂ, ಇದಕ್ಕೆ ಉತ್ತರ ಸುಲಭ: ಆಗಲ್ಲ. ಬೆಸ ಪೂರ್ಣವರ್ಗಕ್ಕೆ ಭಾಜಕಗಳ ಸಂಖ್ಯೆ ಬೆಸ, ನಮ್ಮದಕ್ಕೆ 243 ಇದ್ದ ಹಾಗೆ. ಯಾಕಂದ್ರೆ ಭಾಜಕಗಳು ಜೋಡಿ ಜೋಡಿ ಬರ್ತವೆ, ವರ್ಗಮೂಲ ಒಂದು ಮಾತ್ರ ಒಂಟಿ, ಇಲ್ಲಿ 111111. ಎಲ್ಲ ಭಾಜಕನೂ ಬೆಸ. ಬೆಸ ಸಂಖ್ಯೆಗಳನ್ನ ಬೆಸ ಸಲ ಕೂಡಿದ್ರೆ ಬೆಸವೇ ಬರೋದು. ಪರಿಪೂರ್ಣ ಆಗೋಕೆ ಮೊತ್ತ ಸಂಖ್ಯೆಯ ಎರಡರಷ್ಟು ಇರಬೇಕು, ಅಂದ್ರೆ ಸಮ. ಬೆಸ ಯಾವತ್ತೂ ಸಮ ಆಗಲ್ಲ, ಮುಗೀತು. ಅದಕ್ಕೇ ದೆಕಾರ್ತ್ ವರ್ಗದ ಪಕ್ಕ ಇನ್ನೊಂದು ಅವಿಭಾಜ್ಯ ಜೋಡಿಸೋಕೆ ಹೊರಟಿದ್ದು. ಆಮೇಲೆ ಗಣಿತಜ್ಞ ಆಯ್ಲರ್ ಅದನ್ನ ಪೂರ್ತಿ ಸಾಧಿಸಿದ: ಬೆಸ ಪರಿಪೂರ್ಣ ಸಂಖ್ಯೆ ಅಂತ ಇದ್ರೆ ಅದರಲ್ಲಿ ಒಂದೇ ಒಂದು ಅವಿಭಾಜ್ಯಕ್ಕೆ ಬೆಸ ಘಾತ ಇರುತ್ತೆ, ಆ ಅವಿಭಾಜ್ಯನ 4ರಿಂದ ಭಾಗಿಸಿದ್ರೆ ಶೇಷ 1, ಉಳಿದಿದ್ದೆಲ್ಲ ಪೂರ್ಣವರ್ಗ. 22021ಕ್ಕೆ ಕೂಡ ಶೇಷ 1ನೇ. ಈಗಿನ ಸ್ಥಿತಿ ಏನು ಅಂದ್ರೆ 2012ರಲ್ಲಿ ಓಶೆಮ್ ಮತ್ತು ರಾವ್ ಅನ್ನೋರು 1ರ ಮುಂದೆ 1500 ಸೊನ್ನೆ ಹಾಕಿದ ಸಂಖ್ಯೆ ತನಕ ಬೆಸ ಪರಿಪೂರ್ಣ ಸಂಖ್ಯೆ ಇಲ್ಲ ಅಂತ ತೋರಿಸಿದ್ರು. ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಲ್ಲ.

ಮದ್ದೂರು_ಪಿಯು_ಹುಡುಗ:
ಸಾರ್ ಇನ್ನೊಂದು ಡೌಟು. ಆರು ಒಂದುಗಳ ವರ್ಗ ಅಬಂಡೆಂಟ್. ಹನ್ನೆರಡು ಒಂದು ತಗೊಂಡ್ರೆ?

ಗೀತಾ_ಸರಸ್ವತಿಪುರಂ:
ಅದೂ ಅಬಂಡೆಂಟೇ ಪುಟ್ಟ. ಹನ್ನೆರಡು ಒಂದು ಅಂದ್ರೆ 111111 × 1000001, ಆ 1000001 = 101 × 9901. ಅಬಂಡೆಂಟ್ ಸಂಖ್ಯೆಯನ್ನ ಯಾವ ಸಂಖ್ಯೆಯಿಂದ ಗುಣಿಸಿದ್ರೂ ಬರೋದು ಅಬಂಡೆಂಟೇ ಆಗಿರುತ್ತೆ, ಹಾಗಾಗಿ 6, 12, 18, 24 ಹೀಗೆ ಆರರ ಮಗ್ಗಿಯಲ್ಲಿ ಬರೋ ಎಷ್ಟು ಒಂದು ತಗೊಂಡು ವರ್ಗ ಮಾಡಿದ್ರೂ ಈ ಗುಣ ಉಳಿಯುತ್ತೆ. ಆದ್ರೆ ಹೊರಗಿನ ಹಾರ ಹೋಗುತ್ತೆ. ಹನ್ನೆರಡು ಒಂದುಗಳ ವರ್ಗ 12345679012320987654321, ಹಿಂದಿನಿಂದ ಓದಿ ನೋಡು, ಸೇರಲ್ಲ.

ಮಂಡ್ಯ_ಹೈದ:
ಗೀತಕ್ಕ ಇನ್ನೊಂದ್ ಕೇಳ್ತೀನಿ. ದೆಕಾರ್ತ್ ಸಂಖ್ಯೇಲಿ 19 ಮತ್ತೆ 61 ಅದೆ, ನಮ್ ಹಾರ್ದಲ್ಲಿ ಇಲ್ಲ. ಒಂದುಗಳ್ನ ಜಾಸ್ತಿ ಮಾಡ್ತಾ ಹೋದ್ರೆ ಅವೂ ಒಳಗೆ ಬತ್ತವಾ? ಅಂದ್ರೆ 198585576189ರಿಂದ ಪೂರ್ತಿ ಭಾಗ ಹೋಗೋ ಅಂಥ ಒಂದುಗಳ ವರ್ಗ ಅನ್ನೋದು ಅದಿಯಾ?

ಪಾಂಡವಪುರ_ಮೇಷ್ಟ್ರು:
ಇದೆ. ಗೀತಾ ಮೇಡಂ ಸುಮಾ ಅವರಿಗೆ ಹೇಳಿದ ಆವರ್ತ ದಶಮಾಂಶದಲ್ಲೇ ಉತ್ತರ ಇದೆ. 1/19ರ ದಶಮಾಂಶ 18 ಅಂಕಿಗೆ ಮರಳುತ್ತೆ, ಹಾಗಾಗಿ ಒಂದುಗಳ ಸಂಖ್ಯೆ 18ರ ಮಗ್ಗಿಯಲ್ಲಿದ್ರೆ ಮಾತ್ರ 19 ಒಳಗೆ ಬರುತ್ತೆ. 1/61 ಮರಳೋಕೆ 60 ಅಂಕಿ ಬೇಕು, ಅದಕ್ಕೆ 60ರ ಮಗ್ಗಿ. 7 ಮತ್ತು 13ಕ್ಕೆ 6, 3ಕ್ಕೆ 3 (ಮೂರು ಒಂದು ಇದ್ರೆ ತಾನೇ 3ರಿಂದ ಭಾಗ ಹೋಗೋದು), 11ಕ್ಕೆ 2. ಎಲ್ಲದರ ಲಸಾಅ ತೆಗೀರಿ, 180. ನೂರ ಎಂಬತ್ತು ಒಂದುಗಳನ್ನ ಸಾಲಾಗಿ ಬರೆದು ವರ್ಗ ಮಾಡಿದ್ರೆ 359 ಅಂಕಿಯ ಸಂಖ್ಯೆ ಬರುತ್ತೆ, ವರ್ಗ ಆಗಿರೋದ್ರಿಂದ ಅದರಲ್ಲಿ 3, 7, 11, 13, 19 ಎಲ್ಲವೂ ಕಮ್ಮಿ ಅಂದ್ರೂ ಎರಡೆರಡು ಸಲ, 61 ಕೂಡ ಎರಡು ಸಲ ಇರುತ್ತೆ, ಹಾಗಾಗಿ 198585576189ರಿಂದ ಶೇಷ ಇಲ್ಲದೆ ಭಾಗ ಹೋಗುತ್ತೆ. 180ಕ್ಕಿಂತ ಒಂದು ಕಮ್ಮಿ ಇದ್ರೂ ಆಗಲ್ಲ, 19 ಇಲ್ಲವೇ 61 ಹೊರಗುಳಿಯುತ್ತೆ.

ಕೋಡ್_ಕುವೆಂಪುನಗರ:
ಪೈಥಾನ್‌ನಲ್ಲಿ ಹಾಕಿ ನೋಡೋರಿಗೆ: (10**180 − 1)//9 ಅಂತ ಬರೆದು, ವರ್ಗ ಮಾಡಿ, 198585576189ರಿಂದ ಶೇಷ ತೆಗೀರಿ, ಸೊನ್ನೆ ಬರಬೇಕು. ಮೈನಸ್ ಚಿಹ್ನೆ ಇಲ್ಲಿಂದ ಕಾಪಿ ಮಾಡಬೇಡಿ, ಕೀಬೋರ್ಡಿಂದಾನೇ ಟೈಪ್ ಮಾಡಿ, ಇಲ್ಲಾಂದ್ರೆ ಎರರ್ ಕೊಡುತ್ತೆ.